ಸೊನ್ನೆ ಓಣಿ

ನಮ್ಮ ಓಣಿಯನ್ನು ಸೊನ್ನೆ ಓಣಿ ಎಂದು ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆದದ್ದಕ್ಕೆ ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಒಂದು ವರ್ಷ ಹುಡುಕಿದೆ. ಎಲ್ಲಿ ಹುಡುಕಿದರೂ ಕೊನೆಗೆ ನನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತಿದ್ದೆ.

ನನ್ನ ಕೆಲಸ ಗಟಾರದ್ದು. ಬೋರ್ಡಿನ ಮೇಲೆ ‘ಒಳಚರಂಡಿ ಮಾಪನ ಕೇಂದ್ರ’ ಎಂದು ದೊಡ್ಡದಾಗಿ ಬರೆದಿದ್ದರೂ ಊರಿನವರು ಅದನ್ನು ಕರೆಯುವುದು ಗಟಾರ ಆಫೀಸು ಎಂದೇ. ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು ಹೊಲಸು ನೀರು ಮೂಸಲು ಹೋದಳು ಎಂದು ನೆಂಟರೆಲ್ಲ ನಕ್ಕರು. ಆಡುವವರ ಬಾಯಿ ಹಿಡಿಯಲಾಗುತ್ತದೆಯೇ. ನನಗಂತೂ ಆ ಕೆಲಸದ ಮೇಲೆ ಜೀವ.

ವಿಷಯ ಸರಳ. ಮನುಷ್ಯ ಬಾಯಲ್ಲಿ ಸುಳ್ಳು ಹೇಳಬಹುದು, ಮೂತ್ರದಲ್ಲಿ ಹೇಳಲಾರ. ಅಫೀಮಿನ ಜಾತಿಯ ನೋವಿನ ಗುಳಿಗೆ ನುಂಗಿದರೆ ಮೈ ಅದನ್ನು ಒಡೆದು ಚೂರುಗಳನ್ನು ಹೊರಗೆ ಹಾಕುತ್ತದೆ. ಆ ಚೂರುಗಳು ಶೌಚಾಲಯದಿಂದ ಪೈಪಿಗೆ ಇಳಿದು, ಓಣಿಯ ತುದಿಯ ಮ್ಯಾನ್‌ಹೋಲಿಗೆ ಬರುತ್ತವೆ. ಅಲ್ಲಿ ನಾವು ಬೆಂಕಿಪೆಟ್ಟಿಗೆಯಷ್ಟೇ ಇರುವ ಒಂದು ಡಬ್ಬಿ ಕೂರಿಸಿದ್ದೆವು. ಅದಕ್ಕೆ ನಾವು ಇಟ್ಟ ಹೆಸರು ‘ಮೂಗು’. ಅದರೊಳಗಿನ ತೆಳು ಹಾಳೆಗೆ ಈ ಚೂರು ತಗುಲಿದರೆ ಒಂದಿಷ್ಟು ಕರೆಂಟು ಹುಟ್ಟುತ್ತದೆ. ಎಲ್ಲರ ಮೂತ್ರದಲ್ಲೂ ದಿನಕ್ಕೆ ಇಷ್ಟೆಂದು ಬರುವ ಇನ್ನೊಂದು ವಸ್ತುವನ್ನೂ ಅದು ಅಳೆಯುವುದರಿಂದ ಅಲ್ಲಿ ಎಷ್ಟು ಜನರ ನೀರು ಹರಿಯಿತು ಎಂಬುದೂ ಗೊತ್ತಾಗುತ್ತದೆ. ಭಾಗಿಸಿದರೆ ಆಯಿತು, ನೂರಕ್ಕೆ ಎಷ್ಟು ಜನ ಗುಳಿಗೆಗೆ ಬಿದ್ದಿದ್ದಾರೆ ಎಂಬ ಅಂದಾಜು ಕೈಗೆ ಬರುತ್ತದೆ. ಯಾರ ಮನೆಗೂ ಹೋಗಬೇಕಿಲ್ಲ, ಯಾರ ಹೆಸರೂ ಕೇಳಬೇಕಿಲ್ಲ. “ಅಂಕಿಗೆ ಮುಖ ಇರೂದಿಲ್ಲ” ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆ, ಚಪ್ಪಾಳೆ ಬೀಳುತ್ತಿತ್ತು.

ಒಂದೇ ತೊಡಕಿತ್ತು. ಶುದ್ಧ ನೀರಿನಲ್ಲಿ ಮೂಗು ತೆಪ್ಪಗಿರುತ್ತದೆ, ಗಟಾರದಲ್ಲಿ ಇರುವುದಿಲ್ಲ. ಸಾಬೂನು, ಅರಿಷಿಣ, ಕರಿದ ಎಣ್ಣೆ, ಎಲ್ಲಕ್ಕೂ ಒಂದಿಷ್ಟು ಗೊಣಗುತ್ತದೆ. ಆ ಗೊಣಗನ್ನು ಕಳೆದ ಮೇಲೆ ಉಳಿದದ್ದೇ ನಿಜವಾದ ಅಂಕಿ. ಹಾಗೆ ಕಳೆಯಬೇಕಾದರೆ ಗುಳಿಗೆಯ ಚಟ ಒಂದಿಷ್ಟೂ ಇಲ್ಲದ ಒಂದು ಓಣಿ ಬೇಕು. ಅಲ್ಲಿ ಮೂಗು ಎಷ್ಟು ಗೊಣಗುತ್ತದೋ ಅಷ್ಟನ್ನು ಊರಿನ ಉಳಿದ ನೂರಾ ಎಂಬತ್ತು ಓಣಿಗಳಿಂದಲೂ ಕಳೆಯುವುದು. ಅದಕ್ಕೆ ಸೊನ್ನೆ ಓಣಿ ಎಂದು ಹೆಸರು.

“ಯಾವ್ದಾದ್ರೂ ಓಣಿ ನಂಬಿಕಸ್ತ ಐತೇನ್ರೀ?” ಎಂದು ನಮ್ಮ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಸವಡಿಯವರು ಕೇಳಿದರು.

“ನಮ್ಮ ಹೊಂಡದ ಓಣಿ ಐತಲ್ರೀ ಸರ್” ಎಂದೆ. “ಆರುನೂರು ಮಂದಿ. ಒಬ್ಬ ಕುಡುಕ ಇಲ್ಲ, ಇಸ್ಪೀಟ್ ಆಡೋರಿಲ್ಲ. ಎಲ್ಲಾರ ಮನ್ಯಾಗೂ ರೊಟ್ಟಿ ಬಡಿಯೋ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳ ಇಲ್ಲ.”

ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಈಗ ನೆನೆದರೆ ನನ್ನ ನಾಲಿಗೆ ನಾನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಹೊಂಡದ ಓಣಿ ಎಂದರೆ ರೊಟ್ಟಿ ಓಣಿ. ಊರಿನ ಖಾನಾವಳಿಗಳಿಗೆ ಹೋಗುವ ಜೋಳದ ರೊಟ್ಟಿ ಮುಕ್ಕಾಲು ಪಾಲು ನಮ್ಮಲ್ಲೇ ಬೇಯುತ್ತದೆ. ಅಕ್ಕ ಸಂಗವ್ವ ನನಗಿಂತ ಹದಿನೇಳು ವರ್ಷ ದೊಡ್ಡವಳು. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ಅಕ್ಕನೇ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಒಂಬತ್ತು ಒಲೆ, ಒಂಬತ್ತು ಹೆಂಗಸರು. ಬೆಳಿಗ್ಗೆ ಐದಕ್ಕೆ ಕುಳಿತರೆ ಮಧ್ಯಾಹ್ನದವರೆಗೆ ಬಲಗೈ ಏಳುವುದು ಬೀಳುವುದು ನಿಲ್ಲುವುದಿಲ್ಲ. ಒಬ್ಬೊಬ್ಬರು ದಿನಕ್ಕೆ ಮುನ್ನೂರು ರೊಟ್ಟಿ.

ಕೂರುವ ಮೊದಲು ಚಹಾ. ಚಹಾದ ಜೊತೆ ಗುಳಿಗೆ. ಅಕ್ಕ ಸೆರಗಿನ ಗಂಟಿನಿಂದ ಬಿಳಿ ಗುಳಿಗೆಗಳ ಪಟ್ಟಿ ತೆಗೆದು, ಎಲೆ ಅಡಿಕೆ ಹಂಚುವ ಹಾಗೆ ಎಲ್ಲರಿಗೂ ಹಂಚುತ್ತಿದ್ದಳು. “ತಗೋ ತಿಪ್ಪವ್ವ, ಮಾಬೂಬಿ ನಿನಗೆರಡು.” ಇದನ್ನು ನಾನು ಹನ್ನೆರಡು ವರ್ಷ ಕಣ್ಣಾರೆ ನೋಡಿದ್ದೇನೆ. ಭುಜ ಹಿಡಿಯುತ್ತದೆ, ಅದಕ್ಕೇ ನುಂಗುತ್ತಾರೆ, ಅಷ್ಟೇ. ಚಟದವರು ಎಂದರೆ ನನ್ನ ತಲೆಯಲ್ಲಿದ್ದ ಚಿತ್ರ ಬೇರೆ. ಸ್ಟೇಶನ್ನಿನ ಹಿಂದೆ ಕೆಂಪು ಕಣ್ಣು ಬಿಟ್ಟುಕೊಂಡು ಬಿದ್ದಿರುವವರು, ತೋಳಿಗೆ ಸೂಜಿ ಚುಚ್ಚಿಕೊಳ್ಳುವವರು. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಒಲೆಗೆ ಕೈ ಮುಗಿದು ಕೂರುವ ನನ್ನ ಅಕ್ಕ ಅಲ್ಲ.

ಹೀಗಾಗಿ ಹೊಂಡದ ಓಣಿಯ ಮೂಗು ದಿನಾ ಬೆಳಿಗ್ಗೆ ಗೊಣಗಿದಾಗ ನಾನು ಅದನ್ನು ಮಷಿನ್ನಿನ ಗೊಣಗು ಎಂದು ಬರೆದುಕೊಂಡೆ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ. ಅಷ್ಟು ಸ್ಥಿರವಾದದ್ದು ಮಷಿನ್ನಿನದೇ ಇರಬೇಕು, ಚಟದವರಿಗೆಲ್ಲಿ ಅಷ್ಟು ಶಿಸ್ತು ಎಂದುಕೊಂಡೆ. ರೊಟ್ಟಿ ಬಡಿಯುವವರಿಗೆ ರಜೆ ಇರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಅಂಕಿಗಳು ಹೊರಬಿದ್ದವು. ಊರಿನ ನಕ್ಷೆಯ ಮೇಲೆ ಅಂಕಿ ಹೆಚ್ಚಿದ್ದ ಹನ್ನೊಂದು ಓಣಿಗಳು ಕೆಂಪಾದವು. ಪತ್ರಿಕೆಗಳು ಪಟ್ಟಿ ಹಾಕಿದವು. ಹೆಣ್ಣು ಗಂಡು ನೋಡುವವರು ಜಾತಕದ ಜೊತೆ ಓಣಿಯ ಅಂಕಿಯನ್ನೂ ಕೇಳತೊಡಗಿದರು. ಕೆಂಪು ಓಣಿಗಳಲ್ಲಿ ಮನೆ ಖಾಲಿ ಬಿದ್ದವು. ನಮ್ಮ ಓಣಿಯವರು ಮಾತ್ರ ಬೀಗಿದ್ದೇ ಬೀಗಿದ್ದು. ಖಾನಾವಳಿಯೊಂದು ‘ಸೊನ್ನೆ ಓಣಿಯ ಶುದ್ಧ ರೊಟ್ಟಿ’ ಎಂದು ಫಲಕವನ್ನೇ ಬರೆಸಿತು.

ಅದಾದ ಮೇಲೆ ಆದೇಶ ಬಂತು. ನೂರಕ್ಕೆ ಎರಡಕ್ಕಿಂತ ಹೆಚ್ಚು ಅಂಕಿ ಇರುವ ಓಣಿಗೊಂದು ‘ಆಸರೆ’ ಚಿಕಿತ್ಸಾ ಕೇಂದ್ರ. ಅಲ್ಲಿ ಚಟವನ್ನು ಮೆಲ್ಲಗೆ ಬಿಡಿಸುವ ಔಷಧಿ ಕೊಡುತ್ತಾರೆ. ಆ ಔಷಧಿ ದುರ್ಲಭ, ಹಾಗಾಗಿ ಅಂಕಿಗೆ ತಕ್ಕಷ್ಟೇ ದಾಸ್ತಾನು, ಆ ಓಣಿಯವರಿಗೆ ಮಾತ್ರ. ಅದೇ ದಿನದಿಂದ ಊರಿನ ಯಾವ ಔಷಧಿ ಅಂಗಡಿಯಲ್ಲೂ ಅಫೀಮಿನ ಜಾತಿಯ ಗುಳಿಗೆ ಮಾರುವಂತಿಲ್ಲ. ಒಳ್ಳೆಯ ಆದೇಶ. ಕರಡು ಬರೆಯುವಾಗ ನಾನೂ ಕೂತಿದ್ದೆ.

ಆದೇಶವಾದ ನಾಲ್ಕನೆಯ ದಿನ ಹೊಂಡದ ಓಣಿಯ ಮೂಗು ಸುಮ್ಮನಾಗತೊಡಗಿತು. ಹಾಳೆ ಕೆಟ್ಟಿರಬೇಕೆಂದು ಬದಲಿಸಿದೆ. ಮರುದಿನ ಇನ್ನೂ ಇಳಿಯಿತು. ಡಬ್ಬಿಯನ್ನೇ ಬದಲಿಸಿದೆ. ಆರನೆಯ ದಿನ ಗೆರೆ ನೆಲಕ್ಕೆ ಹತ್ತಿಕೊಂಡು ಮಲಗಿತು; ಸಾಬೂನು, ಎಣ್ಣೆಯ ನಿಜವಾದ ಗೊಣಗು ಉಳಿದದ್ದು ಎಳ್ಳಷ್ಟು. ನಿಯಂತ್ರಣ ಕೊಠಡಿಯಲ್ಲಿ ಆ ಗೆರೆಯ ಪಕ್ಕ ಆದೇಶದ ತಾರೀಖು ಇಟ್ಟು ನೋಡಿದೆ. ಮಷಿನ್ನಿನ ಗೊಣಗು ಸರ್ಕಾರದ ಆದೇಶ ಕೇಳಿ ಇಳಿಯುವುದಿಲ್ಲ.

ಮನೆಯಲ್ಲಿ ಅಕ್ಕನಿಗೆ ಮೂರು ದಿನದಿಂದ ‘ಜ್ವರ’. ಮೂಗು ಸೋರುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಮೈಮೇಲೆ ಗುಳ್ಳೆ ಎದ್ದಂತೆ ಕೂದಲೆಲ್ಲ ನಿಂತಿದ್ದವು. ಕಾಲುಗಳು ತಾವಾಗಿಯೇ ಒದ್ದುಕೊಳ್ಳುತ್ತಿದ್ದವು. ನಾನು ಮೆಣಸಿನ ಕಷಾಯ ಮಾಡಿ ಕೊಟ್ಟು ಆಫೀಸಿಗೆ ಹೋಗುತ್ತಿದ್ದೆ. ಶೆಡ್ಡಿನ ಒಂಬತ್ತು ಒಲೆಗಳಲ್ಲಿ ಏಳು ಹಚ್ಚಿರಲಿಲ್ಲ. ಓಣಿಗೆಲ್ಲ ಜ್ವರ ಬಂದಿದೆ ಎಂದು ಮಾಬೂಬಿ ಹೇಳಿದಾಗಲೂ ನನಗೆ ಹೊಳೆಯಲಿಲ್ಲ.

ಆ ದಿನ ಮಧ್ಯಾಹ್ನವೇ ಮನೆಗೆ ಓಡಿ ಬಂದು ಅಕ್ಕನ ಪಕ್ಕ ಕುಳಿತೆ.

“ಅಕ್ಕಾ, ಆ ಬಿಳಿ ಗುಳಿಗಿ ದಿನಕ್ಕ ಎಷ್ಟ ತಗೋತಿದ್ದಿ?”

“ಯಾಕ?”

“ಹೇಳು.”

“ಮೊದಲ ಒಂದ ಇತ್ತ. ಒಂದು ಹತ್ತಲಾರದ್ದಕ್ಕ ಎರಡ ಮಾಡಿದ್ವಿ. ಈಗ ಆರು, ಏಳು.” ಅವಳು ಹೊದಿಕೆ ಎಳೆದುಕೊಂಡಳು. “ಅದೇನ್ ಸೆರೆನಾ ಗಾಂಜಾನಾ? ಅಂಗಡ್ಯಾಗ ಮಾರೂ ಗುಳಿಗಿ. ಡಾಕ್ಟರೇ ಬರದ ಕೊಟ್ಟಿದ್ದು.”

“ಎಂದ ಬರದ ಕೊಟ್ಟಿದ್ದು?”

ಅಕ್ಕ ಲೆಕ್ಕ ಹಾಕಿದಳು. “ನೀ ಕಾಲೇಜಿಗಿ ಹೋಗ್ತಿದ್ದಿ ನೋಡು, ಆಗ.”

ನಾನು ಅಳಲಿಲ್ಲ. ಅಳುವ ಹೊತ್ತಲ್ಲ ಅದು. ಆಟೋ ಕರೆದು ಅವಳನ್ನು ಹತ್ತಿರದ ಕೆಂಪು ಓಣಿಯ ‘ಆಸರೆ’ ಕೇಂದ್ರಕ್ಕೆ ಕರೆದೊಯ್ದೆ. ಕಿಟಕಿಯ ಹಿಂದಿನ ನರ್ಸ್ ಒಳ್ಳೆಯ ಹೆಂಗಸು. ಅಕ್ಕನನ್ನು ನೋಡಿದ ಕೂಡಲೇ ಏನೆಂದು ಅವಳಿಗೆ ತಿಳಿದಿತ್ತು. ಗುರುತಿನ ಚೀಟಿ ಮಷಿನ್ನಿಗೆ ತೋರಿಸಿದಳು, ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು.

“ಹೊಂಡದ ಓಣಿ. ಸೊನ್ನಿ ಬರ್ತದರೀ ಮೇಡಂ. ಔಷಧಿ ಕಪಾಟು ತೆರೆಯೂದಿಲ್ಲ.”

“ಕೈಲೆ ತೆರೀರಿ.”

“ಕೈಲೆ ತೆರೆಯಾಕ ಬರೂದಿಲ್ರೀ. ಗಟಾರ ಆಫೀಸಿನೋರ ಹಂಗ ಮಾಡ್ಯಾರ.”

ಹೌದು, ಹಾಗೆ ಮಾಡಿದ್ದೆವು. ಕಳ್ಳತನವಾಗಬಾರದೆಂದು ಕಪಾಟಿನ ಬೀಗವನ್ನು ಓಣಿಯ ಅಂಕಿಗೆ ಜೋಡಿಸಬೇಕೆಂದು ಸೂಚಿಸಿದ ಟಿಪ್ಪಣಿಯಲ್ಲಿ ನನ್ನ ಸಹಿಯೇ ಇತ್ತು. ದೊಡ್ಡಾಸ್ಪತ್ರೆಗೆ ಹೋದರೆ ಅಲ್ಲಿ ಇಂಥ ಕೇಸೆಲ್ಲ ಈಗ ಆಸರೆಗೇ ಎಂದರು, ಹೊಟ್ಟೆ ನೋವಿಗೊಂದು ಗುಳಿಗೆ, ವಾಂತಿಗೊಂದು ಗುಳಿಗೆ ಬರೆದು ಕಳಿಸಿದರು. ಆಟೋದಲ್ಲಿ ಬರುವಾಗ ಅಕ್ಕ ನನ್ನ ತೊಡೆಯ ಮೇಲೆ ತಲೆ ಇಟ್ಟು, ಕಾಲು ಒದೆಯುತ್ತ, “ತಂಗಿ, ಎಲ್ಲಿಂದಾರ ಒಂದ ತಂದ ಕೊಡವಾ” ಎಂದು ಬೇಡಿಕೊಂಡಳು. ನನ್ನ ಅಕ್ಕ ಅಲ್ಲಿಯವರೆಗೆ ಯಾರನ್ನೂ ಏನೂ ಬೇಡಿದವಳಲ್ಲ.

ಮರುದಿನ ಸವಡಿಯವರ ಮುಂದೆ ಎಲ್ಲ ಹೇಳಿದೆ. ಅವರು ಕಡತ ತೆಗೆದು ಲೆಕ್ಕ ಹಾಕಿದರು.

“ಅಂದ್ರ ನೂರಕ್ಕ ನಾಲ್ಕರಷ್ಟು ಎಲ್ಲಾ ಓಣ್ಯಾಗೂ ತಪ್ಪಾಗಿ ಕಳದೀವಿ.”

“ಹೌದ್ರೀ ಸರ್. ಹನ್ನೊಂದಲ್ಲ, ನಲವತ್ತಾರು ಓಣಿ ಕೆಂಪ ಆಗಬೇಕಿತ್ತು.”

“ತಿದ್ದೋಣಂತ. ಆದ್ರ ನೀಲಮ್ಮಾರ, ತಿದ್ದಬೇಕಂದ್ರ ಯಾಕ ತಿದ್ದಿದ್ವಿ ಅಂತ ಬರೀಬೇಕು. ಸೊನ್ನಿ ಓಣಿ ಸೊನ್ನಿ ಅಲ್ಲ ಅಂತ ಹೆಸರು ಹಾಕಿ ಪ್ರಕಟ ಮಾಡ್ಬೇಕು. ನಿಮ್ಮ ಓಣಿ. ವಿಚಾರ ಮಾಡ್ರಿ.”

ಮನೆಗೆ ಬಂದು ವಿಚಾರ ಮಾಡುವ ಮೊದಲೇ ಅಕ್ಕನಿಗೆ ಹೇಳಿಬಿಟ್ಟೆ. ಗುಟ್ಟು ಮಾಡಲು ನನಗೆ ಬರುವುದಿಲ್ಲ. ಶೆಡ್ಡಿನಲ್ಲಿ ತಿಪ್ಪವ್ವ, ಮಾಬೂಬಿ ಎಲ್ಲ ಗೋಡೆಗೆ ಒರಗಿ ಕುಳಿತಿದ್ದರು. ನಿಲ್ಲುವ ತ್ರಾಣ ಯಾರಿಗೂ ಇರಲಿಲ್ಲ.

“ಬರೀಬ್ಯಾಡ” ಎಂದಳು ಅಕ್ಕ. “ನಶಾದವರ ಕೈಯಾನ ರೊಟ್ಟಿ ಯಾರ್ ತಿಂತಾರ?”

“ನಶಾ ಅಲ್ಲಕ್ಕಾ, ರೋಗ. ಔಷಧಿ ಐತಿ. ಅಂಕಿ ಬಂದ್ರ ಔಷಧಿ ಬರ್ತೈತಿ.”

“ಅಂಕಿ ಬಂದ್ರ ಹೆಸರ ಹೋಕ್ಕೈತಿ” ಎಂದಳು ಮಾಬೂಬಿ. “ನನ್ನ ಮಗಳ ನಿಕಾ ಮುಂದಿನ ತಿಂಗಳ ಐತಿ ನೀಲಾ. ಅವ್ರು ಸೊನ್ನಿ ಓಣಿ ಅಂತ ಕೇಳೇ ಒಪ್ಯಾರ.”

“ಹಂಗಾರ ಹಿಂಗ ಬಿದ್ದಿರ್ತೀರಾ?”

“ನಾಕ ದಿನಾ ಬಿದ್ದಿರ್ತೀವಿ. ಆಮ್ಯಾಲ ಏಳ್ತೀವಿ” ಎಂದು ಅಕ್ಕ ಗೋಡೆಯ ಕಡೆ ಹೊರಳಿದಳು. “ಹಡದವ್ರಿಗಿಂತ ಹೆಚ್ಚ ಮಾಡೀನಿ ನಿನಗ. ಇದೊಂದ ಮಾಡಬ್ಯಾಡ.”

ಅವರು ಎದ್ದರು, ಆದರೆ ನಾನಂದುಕೊಂಡ ಹಾಗಲ್ಲ. ಹತ್ತನೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಒಂಬತ್ತೂ ಒಲೆ ಉರಿಯುತ್ತಿದ್ದವು, ಸಪ್ಪಳ ಮೊದಲಿನಂತೆಯೇ ಇತ್ತು. ಕಾಯಿಪಲ್ಲೆ ಸಂತೆಯಲ್ಲಿ ಯಾರೋ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ, ಹೆಸರಿಲ್ಲದ, ಮಾಸಲು ಬಣ್ಣದ ಗುಳಿಗೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಕ್ಕ ಎದ್ದು ಕೂತದ್ದು ನೋಡಿ ಮೊದಲು ನನಗೆ ಸಂತೋಷವೇ ಆಯಿತು. ಒಂದನ್ನು ಕದ್ದು ಪ್ರಯೋಗಾಲಯಕ್ಕೆ ಒಯ್ದೆ, ಮರುದಿನ ಇನ್ನೊಂದನ್ನು. ಎರಡನೆಯದರಲ್ಲಿ ಅಫೀಮಿನ ಅಂಶ ಮೊದಲನೆಯದರ ಮೂರರಷ್ಟಿತ್ತು. ಒಂದೇ ಪೊಟ್ಟಣದವು. ಉಸಿರು ನಿಲ್ಲಲು ಅಷ್ಟು ಸಾಕು.

ಅದೇ ವಾರ ತಿಪ್ಪವ್ವ ಹಂಚಿನ ಮುಂದೆ ಕೂತಲ್ಲೇ ತೂಕಡಿಸಿದಳು. ಅಂಗೈ ಕಾದ ಹಂಚಿನ ಮೇಲೆ ಬಿತ್ತು. ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ವಾಸನೆ ಬಂದ ಮೇಲೆ ಅಕ್ಕ ಅವಳನ್ನು ಎಳೆದದ್ದು. ಎಳೆದರೂ ತಿಪ್ಪವ್ವ ಕಣ್ಣು ತೆರೆಯಲಿಲ್ಲ. ಮುಖಕ್ಕೆ ನೀರು ಹೊಡೆದು, ಕೆನ್ನೆಗೆ ಹೊಡೆದು, ಹೆಸರು ಕೂಗಿ ಕೂಗಿ ಎಬ್ಬಿಸಬೇಕಾಯಿತು.

ಆ ಮಧ್ಯಾಹ್ನ ನಾನು ಬರೆದೆ. ಅಕ್ಕನ ಮಾತು ಮೀರಿದ್ದು ಜೀವನದಲ್ಲಿ ಅದೊಂದೇ ಸಲ. ಧೈರ್ಯದಿಂದ ಬರೆಯಲಿಲ್ಲ, ನಾಳೆ ಅಕ್ಕ ಹೀಗೆ ಬಿದ್ದರೆ ಎಂದು ಹೆದರಿ ಬರೆದೆ. ಸವಡಿಯವರು ಸಹಿ ಹಾಕಿದರು.

ಹೊಂಡದ ಓಣಿ, ನೂರಕ್ಕೆ ನಾಲ್ಕು. ಆರುನೂರು ಜನರಲ್ಲಿ ಇಪ್ಪತ್ತನಾಲ್ಕು. ಓಣಿಯಲ್ಲಿ ಖಾನಾವಳಿಗೆ ರೊಟ್ಟಿ ಬಡಿಯುವವರೂ ಇಪ್ಪತ್ತನಾಲ್ಕೇ ಜನ. ಪತ್ರಿಕೆ ಓದಿದವರು ಹೆಚ್ಚು ಯೋಚನೆ ಮಾಡಬೇಕಾಗಲಿಲ್ಲ. ಖಾನಾವಳಿಯವರು ಫಲಕ ಇಳಿಸಿದರು. ರೊಟ್ಟಿ ಅರ್ಧಕ್ಕೆ ಇಳಿಯಿತು, ಆಮೇಲೆ ಕಾಲಿಗೆ. ಮಾಬೂಬಿಯ ಬೀಗರು ಯಾಕೋ ಈ ವರ್ಷ ಬೇಡ ಎಂದರು. ಅಕ್ಕ ನನ್ನೊಂದಿಗೆ ಮಾತು ಬಿಟ್ಟಳು. ಊಟಕ್ಕೆ ತಾಟು ಹಾಕುತ್ತಿದ್ದಳು, ರೊಟ್ಟಿ ಬಡಿಸುತ್ತಿದ್ದಳು, ಮಾತು ಮಾತ್ರ ಇಲ್ಲ.

ಹದಿನೈದು ದಿನದಲ್ಲಿ ‘ಆಸರೆ’ ಕೇಂದ್ರ ಬಂತು. ನಮ್ಮ ಶೆಡ್ಡಿಗೆ ಇಪ್ಪತ್ತು ಹೆಜ್ಜೆ. ಬಿಳಿ ಬಣ್ಣ, ಹೊಸ ಬೆಂಚು, ಒಬ್ಬ ತರುಣ ಡಾಕ್ಟರು, ಒಬ್ಬ ನರ್ಸ್, ಕಪಾಟಿನ ತುಂಬ ಔಷಧಿ. ಬೀಗವೂ ತೆರೆಯುತ್ತಿತ್ತು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಒಳಗೆ ಹೋದವಳು ಇಪ್ಪತ್ತನಾಲ್ಕರಲ್ಲಿ ಒಬ್ಬಳು ಎಂದು ಇಡೀ ಓಣಿಗೆ ಖಾತ್ರಿಯಾಗುತ್ತದೆ. ತಿಪ್ಪವ್ವ ಸುಟ್ಟ ಕೈಗೆ ಸೆರಗು ಸುತ್ತಿಕೊಂಡು ಆ ಬಾಗಿಲ ಮುಂದೆಯೇ ನಡೆದುಹೋಗಿ, ಮೂರು ಮೈಲಿ ಆಚೆಯ ದವಾಖಾನೆಯಲ್ಲಿ ಮುಲಾಮು ಹಚ್ಚಿಸಿಕೊಂಡು ಬರುತ್ತಿದ್ದಳು. ನಾನು ಡಾಕ್ಟರನ್ನು ಮನೆಗೇ ಕರೆತಂದೆ. ಅಕ್ಕ ಅವನಿಗೆ ಚಹಾ ಕೊಟ್ಟು, ತನಗೆ ಏನೂ ಇಲ್ಲವೆಂದು ನಗುತ್ತ ಹೇಳಿ ಕಳಿಸಿದಳು.

ಆಮೇಲೆ ಮೂಗು ಮತ್ತೆ ಸುಮ್ಮನಾಯಿತು. ಒಂದು ವಾರ ಸೊನ್ನೆ. ಎರಡನೆಯ ವಾರವೂ ಸೊನ್ನೆ. ಈ ಸಲ ನನಗೆ ತಲೆಯೇ ಓಡಲಿಲ್ಲ. ಅಕ್ಕ ಬೆಳಿಗ್ಗೆ ಕೆಲಸಕ್ಕೆ ಕೂರುತ್ತಿದ್ದಳು, ಮೂಗು ಸೋರುತ್ತಿರಲಿಲ್ಲ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಗುಳಿಗೆ ಒಳಗೆ ಹೋಗುತ್ತಿದೆ ಎಂಬುದರಲ್ಲಿ ಸಂಶಯವಿರಲಿಲ್ಲ. ಹೊರಗೆ ಬರುವುದು ಮಾತ್ರ ಪೈಪಿಗೆ ಬರುತ್ತಿರಲಿಲ್ಲ.

ಮೂರು ವಾರ ಸತತ ಸೊನ್ನೆ ಬಂದರೆ ಕೇಂದ್ರವನ್ನು ಬೇರೆ ಓಣಿಗೆ ಸಾಗಿಸಬೇಕೆಂಬುದು ನಿಯಮ. ಹೊಸದಾಗಿ ಕೆಂಪಾದ ಓಣಿಗಳು ಬಾಯಿ ಬಿಟ್ಟು ಕಾಯುತ್ತಿರುವಾಗ ಅದೂ ಸರಿಯೇ. ಇಪ್ಪತ್ತೊಂದನೆಯ ದಿನ ಸವಡಿಯವರ ಮುಂದೆ ನಿಂತು, ಅಂಕಿ ಸುಳ್ಳು ಹೇಳುತ್ತಿದೆ ಎಂದೆ.

“ಹೋದ ಸಲಾನೂ ಹಂಗ ಅಂದ್ರಿ, ನಾ ನಂಬಿದೆ” ಎಂದರು ಅವರು, ಬೇಸರವಿಲ್ಲದೆ. “ಈಗ ಏನಂತ ಬರೀಲಿ? ನಮ್ಮ ಮೂಗು ಸರಿ ಐತಿ, ಹಾಳಿ ಸರಿ ಐತಿ. ಸೊನ್ನಿ ಬಂದೈತಿ. ನೀವು ಅಕ್ಕಾರ ಮುಖಾ ನೋಡಿ ಹೇಳಾಕತ್ತೀರಿ. ಮುಖಾ ನೋಡಿ ದಾಸ್ತಾನು ಕೊಡಾಕ ಬರತೈತೇನ್ರೀ?”

ಮುಖ ನೋಡದೆಯೇ ಹೇಳಬಲ್ಲ ಮಷಿನ್ನು ಬೇಕೆಂದು ಅವರನ್ನು ಕಾಡಿ ಬೇಡಿ ಮಂಜೂರು ಮಾಡಿಸಿದವಳು ನಾನು. ಸಾಗಿಸುವ ಆದೇಶವನ್ನು ನಾನೇ ಟೈಪು ಮಾಡಿ ಕೊಟ್ಟೆ.

ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಹಿತ್ತಲ ಬಾಗಿಲ ಚಿಲಕದ ಸಪ್ಪಳಕ್ಕೆ ಎಚ್ಚರವಾಯಿತು. ಎದ್ದು ಹೋದೆ. ಅಕ್ಕ ಶಾಲು ಹೊದ್ದು ಓಣಿಗೆ ಇಳಿದಿದ್ದಳು. ಇನ್ನೂ ಮಬ್ಬು. ಒಂದೊಂದೇ ಬಾಗಿಲು ತೆರೆದು ಒಬ್ಬೊಬ್ಬರೇ ಹೊರಬಂದರು. ಮಾಬೂಬಿ, ತಿಪ್ಪವ್ವ, ಆಚೆ ಸಾಲಿನವರು. ಎಲ್ಲರ ಕೈಯಲ್ಲೂ ತಂಬಿಗೆ, ಕೆಲವರ ಇನ್ನೊಂದು ಕೈಯಲ್ಲಿ ಹಗಲಿನದನ್ನು ಹಿಡಿದಿಟ್ಟ ಮುಚ್ಚಿದ ಬಕೆಟ್ಟು. ಮಾತಿಲ್ಲದೆ, ಮ್ಯಾನ್‌ಹೋಲಿನ ಮುಚ್ಚಳದ ಮೇಲೆಯೇ ಹಾಯ್ದು, ಹಳೆಯ ಅರಳೆ ಗಿರಣಿಯ ಹಿಂದಿನ ಬಯಲಿನ ದಾರಿ ಹಿಡಿದರು. ನಮ್ಮ ಓಣಿಯಲ್ಲಿ ಮನೆಮನೆಗೆ ಶೌಚಾಲಯ ಬಂದು ಮೂವತ್ತು ವರ್ಷವಾಗಿತ್ತು. ಆ ದಾರಿಯನ್ನು ಜಾಲಿ ಮುಚ್ಚಿತ್ತು.

ನಾನು ಹಿಂದೆ ಹಿಂದೆ ಹೋದೆ. ಅಕ್ಕನ ಮೊಣಕಾಲು ಸರಿಯಿಲ್ಲ. ಕಲ್ಲು ಸಿಕ್ಕಲ್ಲೆಲ್ಲ ಜೋಲಿ ಹೊಡೆಯುತ್ತಿದ್ದಳು. ಒಂದು ಕಡೆ ಬಿದ್ದೇ ಬಿಡುತ್ತಾಳೆಂದು ಓಡಿ ಹೋಗಿ ರಟ್ಟೆ ಹಿಡಿದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಎರಡು ತಿಂಗಳ ಮೇಲೆ ಮೊದಲ ಸಲ ಬಾಯಿ ತೆರೆದಳು.

“ಇಲ್ಲಿಗೂ ಬಂದ್ಯಾ, ಎಣಿಸಾಕ?”

“ಇಲ್ಲಕ್ಕಾ. ಕೇಂದ್ರ ನಾಳಿ ಹೋಗತೈತಿ. ಇವತ್ತೊಂದ ದಿನಾ ಐತಿ. ನನ್ನ ಜೋಡಿ ಬಾ. ಕೈ ಮುಗೀತೀನಿ.”

ಉಳಿದವರು ದೂರ ನಿಂತು ಕಾಯುತ್ತಿದ್ದರು. ಅಕ್ಕ ತಿರುಗಿ ಓಣಿಯ ಕಡೆ ನೋಡಿದಳು. ಬರುತ್ತಾಳೆ ಎಂದೇ ನಾನು ತಿಳಿದೆ. ಆಮೇಲೆ ಅವಳು ನನ್ನ ಹಿಡಿತದಿಂದ ರಟ್ಟೆ ಬಿಡಿಸಿಕೊಂಡು, ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿದಳು.

“ಬಂದದ್ದ ಬಂದಿ, ಆ ಕಡೆ ಮುಖಾ ಮಾಡಿ ನಿಂದರ. ಯಾರರ ಬಂದ್ರ ಕೆಮ್ಮ.”

ಇಪ್ಪತ್ತನಾಲ್ಕು ಹೆಂಗಸರು ಜಾಲಿಯ ಹಿಂದೆ ಹೋದರು. ನಾನು ಅವರಿಗೆ ಬೆನ್ನು ಮಾಡಿ, ಊರಿನ ಕಡೆ ಮುಖ ಹಾಕಿ, ಕಾವಲು ನಿಂತೆ.